ಮುಂದಿನ ಚಕ್ರದ ಹನ್ನೊಂದು ಕಿಲೋ

ತಕ್ಕಡಿ ಮೇಸ್ತ್ರಿಯ ಅಂಗಡಿಗೆ ಸೈಕಲ್ಲಿಗೆ ಗಾಳಿ ಹೊಡೆಸಲು ಹೋದವರಲ್ಲಿ ಬರೀ ಗಾಳಿ ಹೊಡೆಸಿಕೊಂಡು ಹಿಂದಿರುಗಿದವರು ಈವರೆಗೆ ಒಬ್ಬರೂ ಇಲ್ಲ. ಅಂಗಡಿಯ ನೆಲದ ಮೇಲೆ ಎರಡು ತೂಕದ ಯಂತ್ರಗಳಿದ್ದವು. ಒಂದು ಯಾವುದೋ ದವಾಖಾನೆಯಿಂದ ಗುಜರಿಗೆ ಬಿದ್ದದ್ದು, ಇನ್ನೊಂದು ಧಾನ್ಯದ ಮಂಡಿಯಲ್ಲಿ ಮೂಟೆ ತೂಗಿ ತೂಗಿ ನಿವೃತ್ತಿಯಾದದ್ದು. ಮುಂದಿನ ಚಕ್ರ ಒಂದರ ಮೇಲೆ, ಹಿಂದಿನ ಚಕ್ರ ಇನ್ನೊಂದರ ಮೇಲೆ, ಸೈಕಲ್ಲಿನ ಮೇಲೆ ಅದರ ಒಡೆಯ. ಬೀಳದಂತೆ ಪಕ್ಕದ ಗೋಡೆಗೆ ಭುಜ ತಾಗಿಸಬಹುದು, ಒರಗುವಂತಿಲ್ಲ. ಮೇಸ್ತ್ರಿ ನೆಲಕ್ಕೆ ಮೊಣಕೈಯೂರಿ, ಕನ್ನಡಕ ಹಣೆಗೇರಿಸಿ, ಎರಡೂ ಮುಳ್ಳುಗಳನ್ನು ಓದಿ, "ಮುಂದೆ ಮೂವತ್ತು, ಹಿಂದೆ ಐವತ್ತು. ಹೆದರಬೇಡಿ, ಬದುಕ್ತೀರಿ" ಎಂದು ತೀರ್ಪು ಕೊಟ್ಟ ಮೇಲೆಯೇ ಪಂಪಿಗೆ ಕೈ ಹಾಕುತ್ತಿದ್ದ.

ಹ್ಯಾಂಡಲ್ಲಿನ ಮೇಲೆ ನೊಣ ಕೂತರೆ ಅದರ ಭಾರದಲ್ಲಿ ಮುಂದಿನ ಚಕ್ರಕ್ಕೆ ಎಷ್ಟು, ಹಿಂದಿನದಕ್ಕೆ ಎಷ್ಟು ಎಂದು ಅವನು ಪಾಲು ಹಾಕಿ ಹೇಳಬಲ್ಲ ಎಂಬ ಮಾತಿತ್ತು. ಇದು ಸುಳ್ಳು. ನೊಣ ಸ್ವಲ್ಪ ಹೊತ್ತು ಅಲ್ಲಾಡದೆ ಕೂತಿರಬೇಕಾಗಿತ್ತು.

ಅವನ ಸಿದ್ಧಾಂತ ತೀರಾ ಸರಳ. ಒಂದು ಕಬ್ಬಿಣದ ಬೀರುವನ್ನು ಹಿಂದೊಬ್ಬ ಮುಂದೊಬ್ಬ ಹೊತ್ತಿದ್ದಾರೆ ಅನ್ನಿ. ಒಳಗಿನ ಸಾಮಾನೆಲ್ಲ ಹಿಂದಿನವನ ಕಡೆಗೆ ತುಂಬಿದ್ದರೆ ಅವನು ಏದುಸಿರು ಬಿಡುತ್ತಾನೆ, ಮುಂದಿನವನು ಸಿಳ್ಳೆ ಹಾಕುತ್ತಾನೆ. ಅದೇ ಬೀರುವನ್ನು ಮೆಟ್ಟಿಲು ಹತ್ತಿಸಿದರೆ ಕೆಳಗೆ ಉಳಿದ ಹಿಂದಿನವನ ಕಣ್ಣುಗುಡ್ಡೆ ಹೊರಬರುತ್ತದೆ. ಇಳಿಸುವಾಗ ಕಣ್ಣುಗುಡ್ಡೆಯ ಸರದಿ ಮುಂದಿನವನದು. ಸೈಕಲ್ಲಿನ ಎರಡು ಚಕ್ರಗಳೂ ಆ ಇಬ್ಬರು ಕೂಲಿಗಳಂತೆಯೇ. ಯಾರ ಹೆಗಲಿಗೆ ಎಷ್ಟು ಎಂಬುದನ್ನು ತೀರ್ಮಾನಿಸುವುದು ಫ್ರೇಮಿನ ಅಳತೆ. ಪೆಡಲಿನ ಬುಡದಿಂದ ಹಿಂದಿನ ಚಕ್ರಕ್ಕೆ ಹೋಗುವ ಜೋಡಿ ಕೊಳವೆ ಗಿಡ್ಡವಾದರೆ ಸವಾರ ಹಿಂದಿನ ಚಕ್ರದ ನೆತ್ತಿಯ ಮೇಲೆಯೇ ಕೂತಂತೆ. ಅದು ಉದ್ದವಾದರೆ ಚಕ್ರ ಹಿಂದಕ್ಕೆ ಸರಿಯುತ್ತದೆ, ಸವಾರನ ಭಾರದಲ್ಲಿ ಮುಂದಿನ ಚಕ್ರಕ್ಕೂ ನ್ಯಾಯವಾದ ಪಾಲು ಸಿಗುತ್ತದೆ.

"ಸೈಕಲ್ ಓಡ್ಸೋದು ಕಾಲಲ್ಲ ಕಣ್ರೀ, ತೂಕ" ಎನ್ನುತ್ತಿದ್ದ ಮೇಸ್ತ್ರಿ, ಕೇಳಿದವರಿಗೂ ಕೇಳದವರಿಗೂ.

ಈ ಹುಚ್ಚು ಅಂಗಡಿಯ ಹೊಸ್ತಿಲಲ್ಲೇ ನಿಂತಿದ್ದರೆ ಚೆನ್ನಾಗಿತ್ತು. ಸಂತೆಯಿಂದ ಬರುವಾಗ ಎರಡು ಚೀಲಗಳ ಭಾರ ಸಮವಾಗುವವರೆಗೆ ದಾರಿಯಲ್ಲಿ ನಿಂತು ಈರುಳ್ಳಿಯನ್ನು ಇಲ್ಲಿಂದ ಅಲ್ಲಿಗೆ ದಾಟಿಸುತ್ತಿದ್ದ. ಮಂಚದಲ್ಲಿ ಯಾರು ಎಲ್ಲಿ ಮಲಗಬೇಕು ಎಂದು ಮದುವೆಯಾದ ಹೊಸದರಲ್ಲಿ ಸೀಮೆಸುಣ್ಣದ ಕಡ್ಡಿಯಲ್ಲಿ ಗೆರೆ ಎಳೆದಿದ್ದನಂತೆ. ಹೆಂಡತಿ ಅದನ್ನು ಅಳಿಸಿ, ಕಡ್ಡಿಯನ್ನು ಎರಡು ತುಂಡು ಮಾಡಿ, "ತಗೊಳ್ಳಿ, ಸಮಪಾಲು" ಎಂದು ಕೈಗೆ ಕೊಟ್ಟಿದ್ದಳು.

ಅವಳೇನೂ ಕಡಿಮೆಯವಳಲ್ಲ. ಅಂಗಡಿಯ ಹಿಂದಿನ ಕೋಣೆ ಅವಳದು. ಚಕ್ರಕ್ಕೆ ಕಡ್ಡಿ ಹೆಣೆಯುವುದರಲ್ಲಿ, ಸೊಟ್ಟ ರಿಮ್ಮನ್ನು ತಿರುಗಿಸಿ ತಿರುಗಿಸಿ ನೆಟ್ಟಗೆ ಮಾಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಕಡ್ಡಿಯನ್ನು ಉಗುರಿನಿಂದ ಮೀಟಿ, ಅದರ ದನಿ ಕೇಳಿಯೇ ಬಿಗಿ ಹೇಳುತ್ತಿದ್ದಳು. ಅವಳಿಗೆ ಇದ್ದದ್ದು ಒಂದೇ ಒಂದು ನಿಯಮ: ಆ ಯಂತ್ರಗಳ ಮೇಲೆ ತಾನು ಹತ್ತುವುದಿಲ್ಲ.

"ಮದುವೆಗೆ ಮುಂಚೆ ಎಷ್ಟು ಅಂತ ಹೇಳಿದ್ನಲ್ಲ. ಐವತ್ತೆರಡು. ಮತ್ತೆ ಮತ್ತೆ ಕೇಳಿದ್ರೆ ಬದಲಾಗತ್ತಾ?"

ಮುಳ್ಳು ಕಣ್ಣಾರೆ ಕಾಣದೆ ಯಾವ ಅಂಕಿಯನ್ನೂ ನಂಬದ ಮನುಷ್ಯ ಈ ಒಂದು ಅಂಕಿಯನ್ನು ಮಾತ್ರ ಇಪ್ಪತ್ತೆಂಟು ವರ್ಷ ಪ್ರಶ್ನೆಯಿಲ್ಲದೆ ನಂಬಿಕೊಂಡು ಬಂದಿದ್ದ. ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಊಟ ಬೇಕೆನ್ನುವವರು ಕೆಲವು ಲೆಕ್ಕಗಳನ್ನು ತಾಳೆ ನೋಡಲು ಹೋಗುವುದಿಲ್ಲ.

ಇಷ್ಟಿದ್ದಾಗ ಒಂದು ಮಂಗಳವಾರ ಮೇಸ್ತ್ರಿಯ ನಾದಿನಿ, ಅಂದರೆ ಹೆಂಡತಿಯ ತಂಗಿ, ಅಂಗಳದ ಗೇಟನ್ನು ತಲೆಯಿಂದ ನೂಕಿಕೊಂಡು ಬಂದಳು. ಒಂದು ಕೈಯಲ್ಲಿ ಸೈಕಲ್ಲು, ಇನ್ನೊಂದು ಕೈಯಲ್ಲಿ ಚಪ್ಪಲಿ, ಪಟ್ಟಿ ಸುತ್ತಿದ ಬಲಗಾಲಿನ ಹರಡು ಕುಂಬಳಕಾಯಿ.

ಅವಳು ಬೇಕರಿಯ ಬ್ರೆಡ್ಡು ಸಾಗಿಸುವವಳು. ಬೇಕರಿ ಬೀದಿಯ ಕೆಳತುದಿಯಲ್ಲಿ, ಆಸ್ಪತ್ರೆಯ ಅಡುಗೆಮನೆ ಮೇಲ್ತುದಿಯಲ್ಲಿ. ನಡುವಿನ ಏರಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಅಲ್ಲಿ ಮೇಲಿನ ಮನೆಯ ಕೋಳಿ ಇಟ್ಟ ಮೊಟ್ಟೆ ಕೆಳಗಿನ ಮನೆಯವರಿಗೆ ಸೇರುತ್ತಿತ್ತು. ಮೇಲಿನಿಂದ ಕೈತಪ್ಪಿದ ಆಲೂಗಡ್ಡೆ ಬುಡ ತಲುಪುವಷ್ಟರಲ್ಲಿ ತಾನೇ ಸಿಪ್ಪೆ ಸುಲಿದುಕೊಂಡಿರುತ್ತಿತ್ತು. ಆ ಏರನ್ನು ದಿನವೂ ಬೆಳಿಗ್ಗೆ ಏಳರೊಳಗೆ, ಕ್ಯಾರಿಯರಿನ ಮೇಲೆ ಮೂವತ್ತೆರಡು ಕಿಲೋ ಬ್ರೆಡ್ಡಿನ ಟ್ರೇಗಳನ್ನು ಕಟ್ಟಿಕೊಂಡು ಅವಳು ತುಳಿಯುತ್ತಿದ್ದಳು.

"ಏನಾಯ್ತೇ?" ಅಕ್ಕ ಒಳಗಿನಿಂದ ಓಡಿ ಬಂದಳು.

"ಆಗೋದೇನು ಅಕ್ಕ, ಮುಂದಿನ ಚಕ್ರ ಆಕಾಶ ನೋಡ್ತು. ನಾನು ಭೂಮಿ ನೋಡ್ದೆ. ಬ್ರೆಡ್ಡೆಲ್ಲ ಚರಂಡಿ ನೋಡ್ತು."

"ಎಷ್ಟನೇ ಸಲ?"

"ಈ ತಿಂಗಳಲ್ಲಿ ಮೂರನೇದು. ಯಜಮಾನ್ರು ಹೇಳ್ಬಿಟ್ರು. ಸೋಮವಾರದವರೆಗೆ ಹೇಗೋ ಸಾಗಿಸ್ತೀನಿ, ಆವತ್ತು ಒಂದು ಬ್ರೆಡ್ಡಿಗೆ ಮಣ್ಣಾದ್ರೂ ವ್ಯಾನಿನವನಿಗೆ ಕೊಟ್ಬಿಡ್ತೀನಿ, ನೀನು ಮನೇಲಿರು ಅಂತ." ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು. "ಹದಿನಾರು ವರ್ಷ ಆಯ್ತು ಭಾವ. ಆ ಏರು ಬಿಟ್ರೆ ನಂಗೆ ಬೇರೆ ಕೆಲಸ ಬರಲ್ಲ."

ಅವಳ ಅಳುವನ್ನು ಮೇಸ್ತ್ರಿ ಕೇಳಿಸಿಕೊಂಡನೋ ಇಲ್ಲವೋ, ಅವನ ಕಣ್ಣು ಆಗಲೇ ಸೈಕಲ್ಲಿನ ಮೇಲೆ ನೆಟ್ಟಿತ್ತು. ಗಿಡ್ಡ ಕೊಳವೆ, ಹಿಂದಿನ ಚಕ್ರದ ಅಚ್ಚಿನಿಂದಲೂ ಆಚೆಗೆ ಬಾಲದಂತೆ ಚಾಚಿದ ಕ್ಯಾರಿಯರ್. ಹಿಂದಿನ ಕೂಲಿಯ ಹೆಗಲ ಮೇಲೆ ಬೀರುವಿನ ಜೊತೆ ಅದರ ಒಡೆಯನೂ ಹತ್ತಿ ಕೂತಂತೆ.

"ಇದು ಸೈಕಲ್ಲಲ್ಲ, ಏತ" ಎಂದ. "ಹಿಂದೆ ಭಾರ ಹಾಕು, ಮುಂದೆ ಎತ್ತು. ಸೋಮವಾರದೊಳಗೆ ಇದನ್ನ ಕುಯ್ದು ಉದ್ದ ಮಾಡ್ತೀನಿ. ಏರು ಹತ್ತಿದ್ರೂ ಮುಂದಿನ ಚಕ್ರ ನೆಲ ಬಿಡಬಾರದು, ಹಂಗೆ ಮಾಡಿ ಕೊಡ್ತೀನಿ. ಯಂತ್ರದ ಮೇಲೆ ಹತ್ತು."

"ಈ ಕಾಲಲ್ಲಾ?"

ಕುಂಬಳಕಾಯಿಗೆ ನಾಲ್ಕು ದಿನ ಪಟ್ಟಿ ಬಿಚ್ಚಬಾರದೆಂದು ವೈದ್ಯೆ ಹೇಳಿದ್ದಳು. ಸವಾರಳ ತೂಕವಿಲ್ಲದೆ ಫ್ರೇಮು ಕತ್ತರಿಸುವುದೆಂದರೆ ಮೇಸ್ತ್ರಿಯ ಪಾಲಿಗೆ ಕಣ್ಣು ಕಟ್ಟಿ ಕ್ಷೌರ ಮಾಡಿದಂತೆ. ಅವನು ಅತ್ತಿತ್ತ ನೋಡಿದ. ಅಕ್ಕ ತಂಗಿ ಇಬ್ಬರೂ ಒಂದೇ ಅಚ್ಚಿನಲ್ಲಿ ತೆಗೆದವರು. ಒಬ್ಬಳ ಬಟ್ಟೆ ಇನ್ನೊಬ್ಬಳಿಗೆ ಆಗುತ್ತಿತ್ತು. ಬೆನ್ನು ನೋಡಿ ಮೇಸ್ತ್ರಿಯೇ ಎರಡು ಸಲ ತಪ್ಪು ವ್ಯಕ್ತಿಯನ್ನು ಬೈದು ಪೆಟ್ಟು ತಿಂದಿದ್ದ.

"ಏ, ನೀನು ಹತ್ತು" ಎಂದ ಹೆಂಡತಿಗೆ.

ಹಿಂದಿನ ಕೋಣೆಯಲ್ಲಿ ಅವಳು ಬಿಟ್ಟು ಬಂದಿದ್ದ ಅರ್ಧ ಹೆಣೆದ ಚಕ್ರವೂ ತಿರುಗುವುದನ್ನು ನಿಲ್ಲಿಸಿತು.

"ನಾನಾ?"

"ನಿಮ್ಮಿಬ್ಬರದೂ ಒಂದೇ ತೂಕ ತಾನೇ?"

"ಹೂಂ ಭಾವ, ಒಂದೇ" ಎಂದಳು ತಂಗಿ, ಪಾಪ ತಿಳಿಯದೆ. "ಹತ್ತು ಅಕ್ಕ, ನನ್ನ ಕೆಲಸದ ಪ್ರಶ್ನೆ."

ತಂಗಿಯ ಅನ್ನದ ಪ್ರಶ್ನೆ ಬಂದ ಮೇಲೆ ಯಾವ ಅಕ್ಕ ತಾನೇ ಇಲ್ಲ ಎಂದಾಳು. ಮೇಸ್ತ್ರಿಯ ಹೆಂಡತಿ ಗಲ್ಲಿಗೇರುವವಳಂತೆ ಸೈಕಲ್ಲು ಹತ್ತಿದಳು. ಮೇಸ್ತ್ರಿ ನೆಲಕ್ಕೆ ಬಗ್ಗಿದ. ಬಗ್ಗಿದವನಿಗೆ ಮುಳ್ಳು ಬಿಟ್ಟು ಬೇರೇನೂ ಕಾಣುವುದಿಲ್ಲ. ತಂಗಿಯೋ, ಕಾಲು ಚಾಚಿಕೊಂಡು ಬಾಗಿಲಾಚೆ ಬೀದಿ ನೋಡುತ್ತ ಕೂತಿದ್ದಳು. ಹ್ಯಾಂಡಲ್ಲಿನ ನೆತ್ತಿಯ ಮೇಲೆ, ಚಕ್ರಗಳನ್ನು ತೂಗುಹಾಕಲೆಂದು ಚಾವಣಿಯಿಂದ ಇಳಿಬಿಟ್ಟ ಒಂದು ಕಬ್ಬಿಣದ ಕಂಬಿ ಇತ್ತು. ಮೇಸ್ತ್ರಿಯ ಹೆಂಡತಿ ಮೇಲೆ ನೋಡಿದಳು, ಕೆಳಗೆ ನೋಡಿದಳು, ಬಲಗೈ ಎತ್ತಿ ಕಂಬಿ ಹಿಡಿದು ಮೆಲ್ಲಗೆ ತನ್ನನ್ನು ತಾನು ಮೇಲಕ್ಕೆ ಎಳೆದುಕೊಂಡಳು. ಬಹಳ ಅಲ್ಲ. ಐವತ್ತೆರಡಕ್ಕೆ ಬೇಕಾದಷ್ಟು. ಕಡ್ಡಿಯ ಬಿಗಿಯನ್ನು ಉಗುರಿನಲ್ಲಿ ಅಳೆಯುವ ಕೈಗೆ ಅದೇನು ಕಷ್ಟ?

"ಮುಂದೆ ಇಪ್ಪತ್ತೊಂದು!" ಮೇಸ್ತ್ರಿ ಹೌಹಾರಿದ. "ಹಿಂದೆ ನಲವತ್ತೊಂಬತ್ತು. ಒಟ್ಟು ಎಪ್ಪತ್ತು. ಸೈಕಲ್ಲಿಂದು ಹದಿನೆಂಟು ಕಳೆದ್ರೆ ಐವತ್ತೆರಡು. ಸರಿಯಾಗಿದೆ. ಆದ್ರೆ ಮುಂದೆ ಬರೀ ಇಪ್ಪತ್ತೊಂದಾ? ಇನ್ನು ಬ್ರೆಡ್ಡು ಹೇರಿ ಏರು ಹತ್ತಿದ್ರೆ ಇದು ಹಾರದೆ ಏನು ಮಾಡತ್ತೆ?"

"ನೋಡಿದ್ರಾ, ಐವತ್ತೆರಡೇ" ಎಂದಳು ಹೆಂಡತಿ, ಏದುಸಿರು ಬಿಡುತ್ತಾ.

ಕಂಬಿ ಇದ್ದದ್ದು ಮುಂದಿನ ಚಕ್ರದ ನೇರಕ್ಕೆ. ಹಾಗಾಗಿ ಮಾಯವಾದ ಭಾರವೆಲ್ಲ ಮುಂದಿನ ಚಕ್ರದ್ದೇ. ಪಾಪ, ಮೇಸ್ತ್ರಿಗೆ ಅದು ತಿಳಿಯುವುದು ಹೇಗೆ? ಸಣ್ಣ ರೋಗಕ್ಕೆ ಇದ್ದಬದ್ದ ಮದ್ದನ್ನೆಲ್ಲ ಅರೆದ. ಬುಧವಾರ ಗರಗಸ ಹಿಡಿದು ಸೈಕಲ್ಲಿನ ಹಿಂಭಾಗ ಕತ್ತರಿಸಿದ. ಗುರುವಾರ ಜೋಡಿ ಕೊಳವೆಗೆ ಹೊಸ ತುಂಡು ಕೂರಿಸಿ, ಗ್ಯಾಸಿನ ಬೆಂಕಿಯಲ್ಲಿ ಹಿತ್ತಾಳೆ ಕರಗಿಸಿ ಬೆಸೆದ. ಕೊಳವೆ ಪೂರಾ ಒಂದು ಗೇಣು ಉದ್ದವಾಯಿತು. ಸಾಲದೆಂದು ಸೀಟನ್ನು ನಾಲ್ಕು ಬೆರಳು ಮುಂದಕ್ಕೆ ತಂದ. ಶುಕ್ರವಾರ ಹೆಂಡತಿ ಚಕ್ರ ಹೆಣೆದು, ಹಸಿರು ಬಣ್ಣ ಬಳಿದು, ಮತ್ತೆ ಯಂತ್ರದ ಮೇಲೆ ಹತ್ತಿ, ಮತ್ತೆ ಕಂಬಿ ಹಿಡಿದಳು.

"ಮುಂದೆ ಮೂವತ್ತೈದು, ಹಿಂದೆ ಮೂವತ್ತೇಳು!" ಮೇಸ್ತ್ರಿ ನೆಲದಲ್ಲೇ ಚಪ್ಪಾಳೆ ತಟ್ಟಿದ. "ಇಂಥಾ ಸಮಪಾಲು ಅಣ್ಣತಮ್ಮಂದಿರ ಆಸ್ತಿಯಲ್ಲೂ ಆಗಿರಲ್ಲ ಕಣೇ."

ಹೆಂಡತಿ ಕೈ ಹಿಸುಕಿಕೊಳ್ಳುತ್ತಾ, "ಹೌದೌದು" ಎಂದಳು.

ಸೈಕಲ್ಲು ಈಗ ಎಷ್ಟು ಉದ್ದವಾಗಿತ್ತೆಂದರೆ ಅದರ ಮುಂದಿನ ಚಕ್ರ ಮೂಲೆ ತಿರುಗಿ ಹೋದ ಮೇಲೆ ಹಿಂದಿನ ಚಕ್ರಕ್ಕೆ ಕಾಗದ ಬರೆದು ತಿಳಿಸಬೇಕಾಗಿತ್ತು.

ಶನಿವಾರ ಪರೀಕ್ಷೆ. ತಂಗಿಯ ಪಟ್ಟಿ ಬಿಚ್ಚುವುದು ಭಾನುವಾರವಾದ್ದರಿಂದ ಅಕ್ಕನೇ ತುಳಿಯಬೇಕೆಂದಾಯಿತು. ಮೂವತ್ತೆರಡು ಕಿಲೋ ಮರಳು ತುಂಬಿದ ಚೀಲಗಳನ್ನು ಕಟ್ಟಿಕೊಂಡು ಅವಳು ಏರು ಹತ್ತಿದಳು. ಮುಂದಿನ ಚಕ್ರ ನೆಲಕ್ಕೆ ಅಂಟು ಹಾಕಿದಂತೆ ಕೂತಿತ್ತು. ಕಿಟಕಿಗಳಿಂದ ಜನ ಸಿಳ್ಳೆ ಹೊಡೆದರು. ಬುಡದಲ್ಲಿ ನಿಂತ ಮೇಸ್ತ್ರಿ ಸಿಳ್ಳೆಗಳನ್ನೆಲ್ಲ ತನ್ನ ಲೆಕ್ಕಕ್ಕೆ ಜಮಾ ಮಾಡಿಕೊಂಡ.

ಮೇಲೆ ಮರಳು ಇಳಿಸಿ ಅವಳು ಬರಿದಾದ ಸೈಕಲ್ಲಿನಲ್ಲಿ ಹಿಂದಿರುಗಿದಳು. ಅರ್ಧ ಇಳಿಜಾರಿನಲ್ಲಿ, ಇಸ್ತ್ರಿ ಅಂಗಡಿಯ ಎದುರು, ಬೆಕ್ಕೊಂದು ಅಡ್ಡ ಬಂತು. ಬ್ರೇಕು ಹಿಡಿದಳು. ಅಷ್ಟೇ. ಇಳಿಜಾರು ಮೊದಲೇ ಭಾರವನ್ನೆಲ್ಲ ಮುಂದಕ್ಕೆ ತಳ್ಳಿತ್ತು, ಬ್ರೇಕು ಉಳಿದದ್ದನ್ನೂ ಬಾಚಿ ಅಲ್ಲಿಗೇ ಸುರಿಯಿತು. ಹಿಂದಿನ ಚಕ್ರಕ್ಕೆ ನೆಲದ ಮೇಲೆ ಮಾಡಲು ಏನೂ ಕೆಲಸ ಉಳಿಯದೆ ಅದು ಕತ್ತೆ ಒದ್ದಂತೆ ಮೇಲೆದ್ದಿತು. ಮೇಸ್ತ್ರಿಯ ಹೆಂಡತಿ ಹ್ಯಾಂಡಲ್ಲಿನ ಮೇಲಿಂದ ಹಾರಿ, ಇಸ್ತ್ರಿಯವನು ಆಗಷ್ಟೇ ಮಡಿಸಿ ಜೋಡಿಸಿದ್ದ ಹೊದಿಕೆಗಳ ಬುಟ್ಟಿಯಲ್ಲಿ ನೆಟ್ಟಗೆ ಕೂತಳು. ಬೆಕ್ಕು ನಿಂತು ನೋಡಿ, ತನ್ನ ಪಾಡಿಗೆ ತಾನು ಹೋಯಿತು.

"ಅಮ್ಮಾ, ಪೆಟ್ಟಾಯ್ತಾ?" ಇಸ್ತ್ರಿಯವನು ಓಡಿ ಬಂದ.

"ನಂಗಿಲ್ಲ."

"ನಿಮ್ಮನ್ನ ಕೇಳ್ಲಿಲ್ಲಮ್ಮಾ, ನೀವು ಗಟ್ಟಿ. ಹೊದಿಕೆಗೆ?"

ಈ ಕಥೆ ಬೀದಿಯ ಬುಡ ತಲುಪುವಷ್ಟರಲ್ಲಿ ಅವಳು ಎರಡು ಮಹಡಿ ಎತ್ತರ ಹಾರಿದ್ದಳು, ಬೆಕ್ಕು ಮೂರು ಮರಿ ಹಾಕಿತ್ತು. ಸಂಜೆಯ ಹೊತ್ತಿಗೆ ಬೇಕರಿ ಯಜಮಾನ ತಾನೇ ಅಂಗಡಿಗೆ ಬಂದ.

"ಮೇಸ್ತ್ರಿ, ಹತ್ತುವಾಗ ಬೀಳ್ತಿತ್ತು, ಈಗ ಇಳಿಯುವಾಗ ಬೀಳತ್ತೆ. ಇದನ್ನ ರಿಪೇರಿ ಅಂತಾರಾ?"

ಮೇಸ್ತ್ರಿ ಇಂಗು ತಿಂದ ಮಂಗನಂತೆ ನಿಂತಿದ್ದ.

"ನಾನು ವ್ಯಾನಿನವನಿಗೆ ಹೇಳಿಟ್ಟಿದ್ದೀನಿ. ಸೋಮವಾರ ಬೇಕರಿ ಮುಂದೆ ಬಂದು ನಿಂತಿರ್ತಾನೆ. ನಿಮ್ಮ ನಾದಿನಿಗೆ ಒಂದು ಅವಕಾಶ ಅಂದಿದ್ದೀನಿ, ಒಂದೇ. ಯೋಚನೆ ಮಾಡಿ. ಕೆಲಸ ಹೋದ್ರೆ ಇನ್ನೊಂದು ಸಿಕ್ಕೀತು, ಕತ್ತು ಹೋದ್ರೆ?"

ಅವನು ಹೋದ ಮೇಲೆ ಮೇಸ್ತ್ರಿ ತಲೆಯ ಮೇಲೆ ಕೈ ಹೊತ್ತು ಟಯರುಗಳ ರಾಶಿಯ ಮೇಲೆ ಕೂತ. ಮಂಡಿಯ ಹತ್ತು ಕಿಲೋ ತೂಕದ ಕಲ್ಲು ತಂದು ಎರಡೂ ಯಂತ್ರ ಪರೀಕ್ಷಿಸಿದ್ದ. ಎರಡೂ ಹತ್ತೇ ತೋರಿಸಿದವು. ಲೆಕ್ಕವನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಮೂರು ಸಲ ಬರೆದಿದ್ದ. ಮೂರು ಸಲವೂ ಅದೇ ಬಂತು. ಯಂತ್ರ ಸರಿ, ಲೆಕ್ಕ ಸರಿ, ಸೈಕಲ್ಲು ಮಾತ್ರ ಕತ್ತೆ. ಹಾಗಾದರೆ ಮೂವತ್ತು ವರ್ಷ ತಾನು ಊರಿಗೆಲ್ಲ ಹೇಳಿದ್ದು ಬರೀ ಬೊಗಳೆಯೇ?

"ನಾಳೆ ಬೆಳಿಗ್ಗೆ ಅವಳಿಗೆ ಹೇಳಿಬಿಡ್ತೀನಿ" ಎಂದ ಒಳಗಿನ ಕಡೆ ಮುಖ ಮಾಡಿ. "ವ್ಯಾನೇ ಬರಲಿ. ನನ್ನ ಸೈಕಲ್ ಮೇಲೆ ಅವಳನ್ನ ಆ ಇಳಿಜಾರಿಗೆ ಬಿಡೋಕೆ ನಂಗೆ ಧೈರ್ಯ ಇಲ್ಲ."

ಒಳಗಿನಿಂದ ಒಂದು ಕಡ್ಡಿ ಮೀಟಿದ ಸದ್ದು ಬಂತು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು. ಆಮೇಲೆ ಹೆಂಡತಿ ಹೊರಬಂದಳು. ಬೀದಿಬಾಗಿಲು ಮುಚ್ಚಿದಳು. ಕಿಟಕಿಯನ್ನೂ ಮುಚ್ಚಿದಳು. ಹಸಿರು ಸೈಕಲ್ಲನ್ನು ಎತ್ತಿ ಎರಡು ಯಂತ್ರಗಳ ಮೇಲಿಟ್ಟು, ಹತ್ತಿ, ಎರಡೂ ಕೈಗಳನ್ನು ಹ್ಯಾಂಡಲ್ಲಿನ ಮೇಲೆ ಊರಿದಳು.

"ಓದಿ."

"ಈಗಾಗಲೇ ಓದಾಗಿದೆಯಲ್ಲೇ."

"ಈಗ ಓದಿ ಅಂದೆ. ಮನಸ್ಸಲ್ಲಿ ಓದಿ. ಬಾಯಿ ಬಿಟ್ರೆ ನೋಡಿ!"

ಮೇಸ್ತ್ರಿ ಬಗ್ಗಿದ. ಹಿಂದೆ ಮೂವತ್ತೇಳು, ನಿನ್ನೆ ಬಂದಷ್ಟೇ. ಮುಂದೆ ನಲವತ್ತಾರು. ಮುಂದೆ ಮೂವತ್ತೈದಿದ್ದದ್ದು ನಲವತ್ತಾರು! ಒಟ್ಟು ಎಂಬತ್ತಮೂರು. ಉದ್ದವಾದ ಸೈಕಲ್ಲಿಗೆ ಇಪ್ಪತ್ತು ಕಳೆದರೆ… ಅವನು ಕಳೆದ. ಉತ್ತರ ಬಂದದ್ದನ್ನು ಕಂಡು ಇನ್ನೊಮ್ಮೆ ಕಳೆದ. ಆಮೇಲೆ ನಿಧಾನವಾಗಿ ತಲೆಯೆತ್ತಿ ನೋಡಿದ. ಹೆಂಡತಿ ಗೋಡೆ ನೋಡುತ್ತಿದ್ದಳು. ಕಿವಿ ಕೆಂಪಗಾಗಿತ್ತು. ಅವಳ ದೃಷ್ಟಿ ಒಮ್ಮೆ ಮೇಲಿನ ಕಂಬಿಯ ಕಡೆ ಹೋಗಿ ಬಂದದ್ದೇ ಮೇಸ್ತ್ರಿಗೆ ಸಕಲವೂ ಬೆಳಕಾಯಿತು.

ಮೂವತ್ತು ವರ್ಷದ ವಿದ್ಯೆ ಮರಳಿ ಬಂದ ಸಂತೋಷಕ್ಕೆ ಅವನು ಕುಣಿಯಬೇಕೋ, ಹನ್ನೊಂದು ಕಿಲೋ ಒಮ್ಮೆಲೇ ಮನೆಗೆ ಬಂದದ್ದಕ್ಕೆ ಗಾಬರಿಯಾಗಬೇಕೋ ತಿಳಿಯದೆ ಕೂತಲ್ಲೇ ಕೆಮ್ಮಿದ.

"ನಗ್ತಿದ್ದೀರಾ?"

"ಇಲ್ಲಪ್ಪ. ಧೂಳು."

"ನಕ್ಕರೆ ಈ ಪಂಪು ನಿಮ್ಮ ತಲೆ ಮೇಲೆ. ಅವಳು ನನ್ನ ಹಾಗೆ ಹೊದಿಕೆ ಬುಟ್ಟಿಗೆ ಬೀಳ್ತಾಳೆ ಅಂತ ಏನು ಖಾತ್ರಿ? ಅದಕ್ಕೇ ಹತ್ತಿದೆ. ಇನ್ನು ಈ ವಿಷಯ ಆ ಬಾಗಿಲು ದಾಟಿದ್ರೆ…"

"ದಾಟಲ್ಲ" ಎಂದ ಮೇಸ್ತ್ರಿ. ಅವನ ಕೈ ಆಗಲೇ ಗರಗಸ ಹುಡುಕುತ್ತಿತ್ತು. "ಕೊಳವೆ ನಾಲ್ಕು ಬೆರಳು ಜಾಸ್ತಿ ಎಳೆದುಬಿಟ್ಟಿದ್ದೀನಿ ಕಣೇ. ನಾಲ್ಕೇ ಬೆರಳು! ಸೀಟು ಹಿಂದಕ್ಕೆ ತರ್ತೀನಿ. ಕೊಳವೆ ಹಿಡ್ಕೋ."

ಭಾನುವಾರ ಇಡೀ ಹಗಲು ಗಂಡ ಕತ್ತರಿಸಿದ, ಹೆಂಡತಿ ಹಿಡಿದಳು. ಗಂಡ ಬೆಸೆದ, ಹೆಂಡತಿ ಉಜ್ಜಿದಳು. ಮಧ್ಯಾಹ್ನ ಪಟ್ಟಿ ಬಿಚ್ಚಿಸಿಕೊಂಡು ಬಂದ ತಂಗಿ ಕುಂಟುತ್ತಾ ಒಳಗೆ ಕಾಲಿಟ್ಟಳು. ಅವಳ ಹಿಂದೆ ಇಸ್ತ್ರಿಯವನು, ಅವನ ಹಿಂದೆ ಬೀದಿಯವರೆಲ್ಲ ಅತ್ತೆ ಎನ್ನುವ ಹೊಲಿಗೆಯವಳು. ಹೀಗೆ ಬೀದಿಯ ಅರ್ಧ ಜನ ತಮಾಷೆ ನೋಡಲು ಬಾಗಿಲಲ್ಲಿ ನೆರೆದರು.

"ಭಾವ, ತಪ್ಪಾಗಿದ್ದು ಎಲ್ಲಿ? ಅದು ಹೇಳಿ ಮೊದಲು. ಇಲ್ದಿದ್ರೆ ನಾನು ಹತ್ತಲ್ಲ."

ಎಲ್ಲರ ಕಣ್ಣೂ ಮೇಸ್ತ್ರಿಯ ಮೇಲೆ. ಹೆಂಡತಿ ಹಿಂದಿನ ಕೋಣೆಯ ಬಾಗಿಲಲ್ಲಿ ಚಕ್ರವೊಂದನ್ನು ಎದೆಗವಚಿಕೊಂಡು ನಿಂತಿದ್ದಳು. ಕಡ್ಡಿಗಳ ನಡುವಿನಿಂದ ಅವಳ ಮುಖ ಜೈಲಿನ ಕಂಬಿಯ ಹಿಂದಿನಂತೆ ಕಾಣುತ್ತಿತ್ತು.

ಮೇಸ್ತ್ರಿ ಗಂಟಲು ಸರಿಮಾಡಿಕೊಂಡ.

"ಯಂತ್ರದ್ದು" ಎಂದ. "ಯಂತ್ರ ಸುಳ್ಳು ಹೇಳ್ತು."

ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ್ದೇನೆ ಎಂದು ಒಪ್ಪಿಕೊಂಡಿದ್ದರೂ ಆ ಬೀದಿ ಇಷ್ಟು ಬೆರಗಾಗುತ್ತಿರಲಿಲ್ಲ.

"ನಿಮ್ಮ ಯಂತ್ರವಾ?" ಇಸ್ತ್ರಿಯವನು ಕೇಳಿದ.

"ಹೂಂ. ಮುಂದಿನದು. ಒಳಗೆ ಸ್ಪ್ರಿಂಗಿಗೆ ಧೂಳು ಕೂತಿತ್ತು. ನಾನೂ ನೋಡ್ಕೊಳ್ಳಲಿಲ್ಲ. ವಯಸ್ಸಾಯ್ತು, ಯಂತ್ರಕ್ಕೂ ನಂಗೂ. ಈಗ ಒರೆಸಿದ್ದೀನಿ."

"ಅಯ್ಯೋ ದೇವರೇ!" ಹೊಲಿಗೆಯ ಅತ್ತೆ ಎದೆ ತಟ್ಟಿಕೊಂಡಳು. ಅದು ದುಃಖವಲ್ಲ, ಆನಂದ. "ಹಾಗಾದ್ರೆ ನಂಗೆ ಎಪ್ಪತ್ತೆಂಟು ಅಂತ ಕೂಗಿದ್ರಲ್ಲ, ಅದೂ ಸುಳ್ಳು! ನಾನು ಆವತ್ತೇ ಅಂದ್ಕೊಂಡೆ."

"ನಂಗೂ ಅಷ್ಟೇ!" ಎಂದ ಇಸ್ತ್ರಿಯವನು. "ಎಂಟು ಕಿಲೋ ಜಾಸ್ತಿ ಹೇಳಿದ್ರಿ. ಆ ಬೇಜಾರಿಗೆ ಒಂದು ವಾರ ರಾತ್ರಿ ಊಟ ಬಿಟ್ಟೆ. ಅದನ್ನ ಯಾರು ವಾಪಸ್ ಕೊಡ್ತಾರೆ?"

ಯಂತ್ರದ ಪರವಾಗಿ ಆಡಲು ಮೇಸ್ತ್ರಿಯ ನಾಲಿಗೆಯ ತುದಿಯವರೆಗೆ ನೂರು ಮಾತು ಬಂದವು. ನೂರನ್ನೂ ನುಂಗಿದ. ಮುಖ ಹರಳೆಣ್ಣೆ ಕುಡಿದಂತಾಗಿತ್ತು. ಹಿಂದಿನ ಕೋಣೆಯ ಬಾಗಿಲಲ್ಲಿ ಚಕ್ರ ಮೆಲ್ಲಗೆ ಕೆಳಗಿಳಿಯಿತು. ಒಂದು ಕ್ಷಣ ಅವಳು ಗಂಡನನ್ನು ನೋಡಿದ ರೀತಿಗೆ, ಅಷ್ಟು ಜನರಿಲ್ಲದಿದ್ದರೆ ಮೇಸ್ತ್ರಿ ನಾಚಿಕೊಳ್ಳುತ್ತಿದ್ದನೇನೋ.

"ಈಗ ನೀನೇ ಹತ್ತು" ಎಂದ ನಾದಿನಿಗೆ. "ಭುಜ ಮಾತ್ರ ಗೋಡೆಗೆ. ಕೈ ಎರಡೂ ಹ್ಯಾಂಡಲ್ ಮೇಲೆ. ನಾನು ನೋಡ್ತಾ ಇರ್ತೀನಿ."

ಮುಂದೆ ಮೂವತ್ತೊಂಬತ್ತು, ಹಿಂದೆ ನಲವತ್ತನಾಲ್ಕು ಬಂತು. ಒಟ್ಟು ಎಷ್ಟೆಂದು ಮೇಸ್ತ್ರಿ ಈ ಸಲ ಕೂಗಲಿಲ್ಲ. ಕೇಳಿದವರಿಗೆ, "ಕೂಡಿಸೋದು ಮರೆತುಹೋಗಿದೆ" ಎಂದ.

ಸೋಮವಾರ ಬೆಳಿಗ್ಗೆ ಆರೂ ಮುಕ್ಕಾಲಿಗೆ ಬೇಕರಿಯ ಮುಂದೆ ಬಿಳಿ ವ್ಯಾನು ಬಾಯಿ ತೆರೆದುಕೊಂಡು ನಿಂತಿತ್ತು. ಅದರ ಚಾಲಕ ಸ್ಟಿಯರಿಂಗಿನ ಮೇಲೆ ಕಾಲು ಹಾಕಿ ಆಕಳಿಸುತ್ತಿದ್ದ. ಯಜಮಾನ ತಾನೇ ಟ್ರೇಗಳನ್ನು ಎಣಿಸಿ ಕ್ಯಾರಿಯರಿಗೆ ಕಟ್ಟಿದ. ತಂಗಿ ಎರಡೂ ಬ್ರೇಕು ಹಿಡಿದು ಬಿಟ್ಟು ನೋಡಿದಳು.

"ಭಾವ, ಬಿದ್ರೆ?"

"ಏರಿನಲ್ಲಿ ಎದ್ದು ನಿಂತು ತುಳೀಬೇಡ, ಕೂತೇ ತುಳಿ. ಇಳಿಯುವಾಗ ಸ್ವಲ್ಪ ಹಿಂದಕ್ಕೆ ಸರಿದು ಕೂತ್ಕೋ, ಎರಡೂ ಬ್ರೇಕು ಒಟ್ಟಿಗೆ, ಮೆತ್ತಗೆ. ಉಳಿದದ್ದು ಅದು ನೋಡ್ಕೊಳ್ಳತ್ತೆ."

"ನಿಮ್ಮ ಯಂತ್ರ ಮತ್ತೆ ಸುಳ್ಳು ಹೇಳಿದ್ರೆ?"

"ಹೇಳಲ್ಲ" ಎಂದದ್ದು ಮೇಸ್ತ್ರಿಯಲ್ಲ, ಅಕ್ಕ. "ನಾನು ಖುದ್ದಾಗಿ ನೋಡಿದ್ದೀನಿ. ಹೋಗು."

ಅವಳು ಹೊರಟಳು. ಬೇಕರಿಯವರು ಬಾಗಿಲು ತೊಳೆದ ನೀರು ಬೀದಿಗೆ ಹರಿದಿತ್ತು. ಅದನ್ನು ದಾಟಿದ ಒದ್ದೆ ಚಕ್ರಗಳು ಏರಿನುದ್ದಕ್ಕೂ ಅಂಕುಡೊಂಕಾಗಿ ಎರಡು ಗೆರೆ ಬರೆಯುತ್ತಾ ಹೋದವು. ಮೇಸ್ತ್ರಿ ಅವಳನ್ನು ನೋಡಲಿಲ್ಲ, ಮುಂದಿನ ಚಕ್ರದ ಗೆರೆಯನ್ನೇ ನೋಡಿದ. ಎಲ್ಲಿ ತುಂಡಾಗುತ್ತದೋ ಅಲ್ಲಿ ಚಕ್ರ ನೆಲ ಬಿಟ್ಟಿತೆಂದು ಅರ್ಥ. ಇಸ್ತ್ರಿ ಅಂಗಡಿ ದಾಟಿತು, ತುಂಡಾಗಲಿಲ್ಲ. ಕಡಿದಾದ ತಿರುವು ದಾಟಿತು. ಅಲ್ಲಿಗೆ ಚಕ್ರದ ನೀರು ಆರಿತು, ಗೆರೆ ಕಾಣದಾಯಿತು, 'ಧಡ್' ಎಂಬ ಸದ್ದಿಗಾಗಿ ಮೂವರೂ ಕಿವಿಯಾನಿಸಿ ನಿಂತರು. ಯಜಮಾನ ಗಡಿಯಾರ ನೋಡಿದ. ಮೇಸ್ತ್ರಿಯ ಹೆಂಡತಿ ಗಂಡನ ತೋಳು ಹಿಡಿದಿದ್ದಳು, ಉಗುರು ನಾಟುವಷ್ಟು ಬಿಗಿಯಾಗಿ.

ಹತ್ತು ನಿಮಿಷಕ್ಕೆ ತಿರುವಿನಲ್ಲಿ ಹಸಿರು ಕಾಣಿಸಿತು. ಖಾಲಿ ಟ್ರೇಗಳು ಗಲಗಲ ಸದ್ದು ಮಾಡುತ್ತಿದ್ದವು. ಇಸ್ತ್ರಿಯವನು ಮುಂಜಾಗ್ರತೆಗೆ ಹೊದಿಕೆಯ ಬುಟ್ಟಿಯನ್ನು ಎತ್ತಿ ಒಳಗಿಟ್ಟ. ಅವಳು ಎರಡೂ ಬ್ರೇಕು ಹಿಡಿದಳು. ಸೈಕಲ್ಲು ಒಮ್ಮೆ ಮೂಗು ತಗ್ಗಿಸಿತು, ಹಿಂದಿನ ಚಕ್ರ ನೆಲವನ್ನು ಸವರಿಕೊಂಡೇ ಬಂತು, ಮತ್ತು ಯಜಮಾನನ ಹೊಟ್ಟೆಯ ಮುಂದೆ ಒಂದು ಗೇಣು ಬಿಟ್ಟು ಸಾಧುವಾಗಿ ನಿಂತಿತು.

"ತಗೊಳ್ಳಿ" ಎಂದು ಆಸ್ಪತ್ರೆಯ ಅಡುಗೆಯವರ ಚೀಟಿ ಕೊಟ್ಟಳು. "ಒಂದಕ್ಕೂ ಮಣ್ಣಾಗಿಲ್ಲ ಅಂತ ಬರೆದು ಕೊಟ್ಟಿದ್ದಾರೆ. ಆರು ಐವತ್ತೆಂಟಕ್ಕೆ."

ಯಜಮಾನ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಸೋತವನಂತೆ ನಕ್ಕ. "ಸರಿ ತಾಯಿ. ಏರು ನಿಂದೇ. ಇನ್ನು ಹದಿನಾರು ವರ್ಷ ನಾನು ಬಾಯಿ ಬಿಡಲ್ಲ."

"ಮತ್ತೆ ನಾನು?" ವ್ಯಾನಿನವನು ಕಾಲು ಇಳಿಸಿದ.

"ನೀವು ಯಜಮಾನ್ರನ್ನ ಕೂರಿಸ್ಕೊಂಡು ಮೇಲಕ್ಕೆ ಹೋಗಿ" ಎಂದಳು ಅವಳು, ಹಣೆ ಒರೆಸಿಕೊಳ್ಳುತ್ತಾ. "ಅಡುಗೆಯವರು ಕರೀತಿದ್ದಾರೆ. ನಿನ್ನೆಯ ಬನ್ನು ಕಲ್ಲಾಗಿತ್ತಂತೆ, ಅದರ ವಿಚಾರ ನನ್ನ ಹತ್ರ ಮಾತಾಡಲ್ವಂತೆ."

ಯಜಮಾನ ಗೊಣಗುತ್ತಾ ವ್ಯಾನಿನ ಹಿಂಬಾಗಿಲಿನಿಂದ ಹತ್ತಿ, ತೀರಾ ತುದಿಯಲ್ಲಿ, ಖಾಲಿ ಟ್ರೇಗಳ ಮೇಲೆ ಕೂತ. ವ್ಯಾನು ನರಳುತ್ತಾ ಏರಿಗೆ ಮೂಗು ಕೊಟ್ಟಿತು. ಮೇಸ್ತ್ರಿ ಇದ್ದಕ್ಕಿದ್ದಂತೆ ಬೀದಿಯ ಮಧ್ಯೆ ಮೊಣಕಾಲೂರಿ, ಕನ್ನಡಕ ಹಣೆಗೇರಿಸಿ, ಅದರ ಮುಂದಿನ ಚಕ್ರಗಳನ್ನೇ ದಿಟ್ಟಿಸಿದ. ಆಮೇಲೆ ಎದ್ದು, ಎರಡೂ ಕೈಯನ್ನು ಬಾಯಿಗೆ ಅಡ್ಡ ಹಿಡಿದು, ಬೀದಿಗೆ ಬೀದಿಯೇ ಕೇಳುವಂತೆ ಕೂಗಿದ:

"ಯಜಮಾನ್ರೇ! ಮುಂದೆ ಬಂದು ಕೂತ್ಕೊಳ್ಳಿ!"